ಟ್ರಯಲ್ ಮಾಸ್ಟರ್ ಗುಂಡಿ ತರಿಸಿದ್ದು

ನಮ್ಮ ಸಾಲಿನಲ್ಲಿ ಏಳು ಅಂಗಡಿಗಳು. ಒಂದು ನನ್ನ ಕನ್ನಡಕದ ಅಂಗಡಿ, ಪಕ್ಕದ್ದು ಟ್ರಯಲ್ ಮಾಸ್ಟರ್ ಅವರ ಹೊಲಿಗೆ ಅಂಗಡಿ. ನಡುವೆ ಇರುವುದು ಒಂದು ತೆಳು ಹಲಗೆ. ಆ ಕಡೆ ಸೂಜಿ ಬಿದ್ದರೆ ಈ ಕಡೆ ಕೇಳುತ್ತದೆ. ಹಾಗಾಗಿ ನಾನು ಮುಂದೆ ಹೇಳುವುದರಲ್ಲಿ ಅರ್ಧ ಕಣ್ಣಾರೆ ಕಂಡದ್ದು, ಅರ್ಧ ಹಲಗೆಯ ಸಂದಿಯಿಂದ ಬಂದದ್ದು. ಕದ್ದು ಕೇಳುವ ಚಾಳಿ ನನಗಿಲ್ಲ. ಕಣ್ಣಿಗೆ ರೆಪ್ಪೆ ಕೊಟ್ಟು ಕಿವಿಗೆ ಕೊಡದೆ ಹೋದ ದೇವರದು ತಪ್ಪು.

ಮಾಸ್ಟರಿಗೆ ಆ ಅಡ್ಡಹೆಸರು ಸುಮ್ಮನೆ ಬಂದದ್ದಲ್ಲ. ಕೋಟಿರಲಿ, ಪ್ಯಾಂಟಿರಲಿ, ಟ್ರಯಲ್ ನೋಡದೆ ಅವರು ಬಟ್ಟೆ ಕೊಟ್ಟವರೇ ಅಲ್ಲ. ಕಚ್ಚಾ ಹೊಲಿಗೆಯ ಬಿಳಿ ದಾರ ನೇತಾಡುತ್ತಿರುವ ಕೋಟು ತೊಡಿಸಿ, ಕನ್ನಡಿ ಮುಂದೆ ನಿಲ್ಲಿಸಿ, ಕೈ ಎತ್ತಿ ಅನ್ನುತ್ತಾರೆ, ಬಗ್ಗಿ ಅನ್ನುತ್ತಾರೆ, ಕೂತು ಎದ್ದೇಳಿ ಅನ್ನುತ್ತಾರೆ. ನನಗೊಮ್ಮೆ ಸೀನಿ ತೋರಿಸಿ ಎಂದಿದ್ದರು. "ಊಟ ಮಾಡ್ಕೊಂಡು ಬನ್ನಿ, ಖಾಲಿ ಹೊಟ್ಟೆ ಸುಳ್ಳು ಹೇಳುತ್ತೆ" ಎಂದು ಗಿರಾಕಿಗಳನ್ನು ವಾಪಸು ಕಳಿಸಿದ್ದೂ ಉಂಟು. ಕೊನೆಗೆ ಗಿರಾಕಿ ಬಾಯಿಬಿಟ್ಟು "ಸರಿ ಇದೆ" ಅನ್ನಬೇಕು. ತಲೆ ಆಡಿಸಿದರೆ ನಡೆಯುವುದಿಲ್ಲ. ಒಬ್ಬ ವಕೀಲರು ಟ್ರಯಲ್ ನೋಡಿ, ಏನೂ ಅನ್ನದೆ, ಫೋನಿನಲ್ಲಿ ಮಾತಾಡುತ್ತಾ ಹೊರಟುಹೋದರು. ಅವರ ಕೋಟು ಎರಡು ವರ್ಷ ಬಿಳಿ ದಾರದಲ್ಲೇ ತೂಗಿತು. ಮುಗಿಸಿಬಿಡಿ ಮಾರಾಯ್ರೇ ಎಂದರೆ, "ಅವರು ಸರಿ ಅನ್ಲಿಲ್ಲವಲ್ಲ ಡಾಕ್ಟ್ರೇ" ಎನ್ನುತ್ತಿದ್ದರು. ನಾನು ಡಾಕ್ಟರಲ್ಲ, ಬರೀ ಕಣ್ಣು ನೋಡಿ ಗಾಜು ಹಾಕುವವನು. ನಾಲ್ಕು ಸಲ ತಿದ್ದಿ, ಆಮೇಲೆ ಬಿಟ್ಟುಬಿಟ್ಟೆ. ಕೇಳಲು ಚೆನ್ನಾಗಿಯೇ ಇತ್ತು.

ಅಂಗಡಿಯಲ್ಲಿ ಇನ್ನೊಂದು ಜೀವವಿದೆ, ಮಾಸ್ಟರ್ ಮಗಳು. ಹೊಲಿಗೆಯವರ ಲೋಕದಲ್ಲಿ ಬಟ್ಟೆ ಕತ್ತರಿಸುವವನು ಮಾಸ್ಟರ್, ಮೆಷಿನ್ ಮೇಲೆ ಕೂತು ಹೊಲಿಯುವವರು ಅವನ ಕೈಕೆಳಗೆ. ಅಪ್ಪ ಕತ್ತರಿಸುತ್ತಾರೆ, ಮಗಳು ಹೊಲಿಯುತ್ತಾಳೆ. ಅಪ್ಪ ಹತ್ತು ಮಾತಾಡಿದರೆ ಮಗಳು ಒಂದು. ಅದೂ ಬಹುಪಾಲು "ಹೂಂ".

ಹೀಗಿರುವಾಗ, ಹಿಂದಿನ ಬೀದಿಯಲ್ಲಿ ಗುಂಡಿ, ದಾರ, ಜಿಪ್ಪು ಮಾರುತ್ತಿದ್ದವನು ಅಂಗಡಿ ಮುಚ್ಚಿ ಫೋನಿನ ಕವರು ಮಾರಲು ಶುರುಮಾಡಿದ. ಮಾಸ್ಟರಿಗೆ ಕೈಕಾಲು ಕಟ್ಟಿಹಾಕಿದಂತಾಯಿತು. ಮಗಳು, "ಫೋನಲ್ಲೇ ತರಿಸ್ಬಹುದಪ್ಪ, ನಾನು ತರಿಸ್ತೀನಿ" ಎಂದಳು. "ಸಾಮಾನು ತರಿಸೋದು ಮಾಸ್ಟರ್ ಕೆಲಸ" ಎಂದು ಆಕೆಯ ಬಾಯಿ ಮುಚ್ಚಿಸಿ ಸೀದಾ ನನ್ನ ಹತ್ತಿರ ಬಂದರು. ಕಲಿಸಿದ ಪಾಪ ನನ್ನದು. ಕೋಟಿನ ಕಂದು ಗುಂಡಿ, ನಾಲ್ಕು ತೂತಿನದು, ಬುಟ್ಟಿಗೆ ಬಿತ್ತು. ಹಣ ಕಟ್ಟುವ ಹೊತ್ತಿಗೆ ಪರದೆ ತುಂಬಾ ಹಸಿರು ಬಣ್ಣ ಹರಡಿಕೊಂಡು, "ನಿಮಗಾಗಿ ಮೂವತ್ತು ದಿನಗಳ ಉಚಿತ ಟ್ರಯಲ್!" ಎಂದು ಬಂತು.

ಮಾಸ್ಟರ್ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. "ನೋಡಿದ್ರಾ ಡಾಕ್ಟ್ರೇ! ಇವರೂ ನಮ್ಮೋರೇ. ಟ್ರಯಲ್ ಇಲ್ದೆ ಮಾರೋದಿಲ್ಲ!" ಎಂದವರೇ ಒತ್ತಿಬಿಟ್ಟರು. ನಾನು ಆಗ ಚಹಾ ಸೋಸುತ್ತಿದ್ದೆ. ತಡೆಯಬಹುದಿತ್ತು, ತಡೆಯಲಿಲ್ಲ. ಗುಂಡಿ ತರಿಸಲು ಹೋಗಿ ಮನುಷ್ಯ ಗುಂಡಿಗೆ ಬಿದ್ದದ್ದು ಹೀಗೆ.

ಅದು ಬೇಗ ಸಾಮಾನು ತಲುಪಿಸುವ ಸದಸ್ಯತ್ವವಂತೆ. ಮುಂದಿನ ವಾರ ಜಿಪ್ಪು ತರಿಸುವಾಗ "ಫಿಟ್ ಕ್ಲಬ್, ಉಚಿತ ಟ್ರಯಲ್" ಬಂತು. ಫಿಟ್ಟಿಂಗಿನ ವಿಷಯ, ಹೊಲಿಗೆಯವರ ಸಂಘವೇ ಇರಬೇಕೆಂದು ಅದನ್ನೂ ಒತ್ತಿದರು. ಸೀಮೆಸುಣ್ಣ ತರಿಸುವಾಗ "ತಿಂಗಳಿಗೊಂದು ಹೊಸ ಪ್ಯಾಟರ್ನ್, ಉಚಿತ ಟ್ರಯಲ್". ಪ್ಯಾಟರ್ನ್ ಅಂದರೆ ಅವರ ಪಾಲಿಗೆ ಕತ್ತರಿಸುವ ಕಾಗದದ ನಮೂನೆ. ಬಂದದ್ದು ಫೋನಿನ ಪರದೆಗೆ ಹಚ್ಚುವ ಹೂಬಳ್ಳಿ ಚಿತ್ರ. ಫಿಟ್ ಕ್ಲಬ್ಬಂತೂ ದಿನಾ ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಸರಿಯಾಗಿ, "ಎದ್ದೇಳಿ! ಇವತ್ತು ಹೊಟ್ಟೆ ಕರಗಿಸೋಣ!" ಎಂದು ಕೂಗುತ್ತಿತ್ತು.

"ಅಳತೆ ತಗೊಳ್ದೇನೇ ನಂಗೆ ಹೊಟ್ಟೆ ಇದೆ ಅಂತ ಇವನಿಗೆ ಹೇಗೆ ಗೊತ್ತಾಯ್ತು?" ಎಂದು ಮಾಸ್ಟರ್ ಕೆರಳಿದರು. ಆದರೂ ಮೂರಕ್ಕೂ ತಾವು "ಸರಿ ಇದೆ" ಎಂದಿಲ್ಲವಲ್ಲ, ತಾನಾಗಿ ಮುಗಿದುಹೋಗಿರುತ್ತದೆ ಎಂದು ನಿಶ್ಚಿಂತರಾಗಿದ್ದರು.

ಐದು ತಿಂಗಳಾದ ಮೇಲೆ ಒಂದು ಬುಧವಾರ ಮಗಳು ಬ್ಯಾಂಕಿನ ಕಾಗದ ಹಿಡಿದು ಬಂದಳು.

"ಅಪ್ಪ, ಫಿಟ್ ಕ್ಲಬ್ ಅಂದ್ರೆ ಏನು?"

"ಹೊಲಿಗೆಯೋರ ಸಂಘ ಕಣೇ."

"ವ್ಯಾಯಾಮದ ಸಂಘ. ನೀನು ಅದರ ಸದಸ್ಯ. ಇಂಥವು ಇನ್ನೂ ಎರಡಿವೆ. ತಿಂಗಳು ತಿಂಗಳು ಮೂರೂ ನಮ್ಮ ಖಾತೆಯಿಂದ ತಗೋತಾ ಇದ್ದಾವೆ."

"ಸುಳ್ಳು! ಅದು ಬರೀ ಟ್ರಯಲ್!"

"ಟ್ರಯಲ್ ಮುಗಿದು ನಾಲ್ಕು ತಿಂಗಳಾಯ್ತು." ಆಮೇಲೆ ಆಕೆ ಅಷ್ಟು ದಿನಗಳಲ್ಲಿ ನಾನು ಕೇಳಿದ ಅತಿ ಉದ್ದದ ಮಾತಾಡಿದಳು. "ಶನಿವಾರ ಅಂಗಡಿ ಮುಚ್ಚೋದರೊಳಗೆ ಮೂರನ್ನೂ ನೀನೇ ಬಿಡಿಸ್ಕೋ. ಬಿಡಿಸ್ಕೊಂಡ್ರೆ ಬ್ಯಾಂಕ್ ಕಾರ್ಡು ನಿನ್ನ ಹತ್ರಾನೇ ಇರ್ಲಿ, ನಾನು ಮಾತೇ ಎತ್ತಲ್ಲ. ಆಗ್ಲಿಲ್ಲ ಅಂದ್ರೆ ಕಾರ್ಡು, ಸಾಮಾನು ತರಿಸೋದು, ಎಲ್ಲ ನಂಗೆ."

ಮಾಸ್ಟರ್ ನನ್ನ ಅಂಗಡಿಗೆ ಬಂದು ಧೊಪ್ಪನೆ ಕೂತರು. "ಇವತ್ತು ಕಾರ್ಡು ಕೇಳ್ತಾಳೆ ಡಾಕ್ಟ್ರೇ. ನಾಳೆ ಕತ್ತರಿ. ನಾಡಿದ್ದು ನನ್ನ ಕುರ್ಚಿ ಬಾಗಿಲಾಚೆ ಹಾಕಿ, ಹೋಗೋ ಬರೋರನ್ನ ನೋಡ್ಕೊಂಡು ಕೂತ್ಕೋ ಅಂತಾಳೆ. ನಲವತ್ತು ವರ್ಷ ಆ ಅಂಗಡೀಲಿ ನನ್ನ ಮಾತೇ ಮಾತು. ಮೂರು ಗುಂಡಿ ತಪ್ಪು ಒತ್ತಿದ್ದಕ್ಕೆ ಮೂಲೆಗುಂಪಾಗ್ಬೇಕಾ?" ನನಗೆ ನಗು ಬರಲಿಲ್ಲ. ಎಪ್ಪತ್ತರ ಹೊಸ್ತಿಲಲ್ಲಿರುವವನ ಕೈಯಿಂದ ಯಾರಾದರೂ ಏನನ್ನಾದರೂ ತೆಗೆದುಕೊಳ್ಳಲು ಬಂದರೆ ಹೇಗಾಗುತ್ತದೆಂದು ನನಗೂ ಗೊತ್ತು.

ಗುರುವಾರ ಕೆಲಸ ಶುರುವಾಯಿತು. ಫೋನಿನಲ್ಲಿ ಮತ್ತೆ ಹುಡುಕಿ ತೆಗೆದ ಆ ಹಸಿರು ಪರದೆಯ ಕೆಳಗೆ ಬೂದು ಬಣ್ಣದಲ್ಲಿ ಇರುವೆ ಸಾಲಿನಂಥ ಅಕ್ಷರಗಳಿದ್ದವು. ನನ್ನ ಗೋಡೆಯ ಚಾರ್ಟಿನ ಕೊನೇ ಸಾಲೂ ಅದರ ಮುಂದೆ ಬೋರ್ಡಿನಷ್ಟು ದೊಡ್ಡದು. ಕಣ್ಣು ನೋಡುವಾಗ ಗಿರಾಕಿಗಳಿಗೆ ಹಾಕುವ ಕಬ್ಬಿಣದ ಚೌಕಟ್ಟನ್ನು ಮಾಸ್ಟರ್ ಮೂಗಿಗೇರಿಸಿ, ಗಾಜಿನ ಮೇಲೆ ಗಾಜು ಇಳಿಬಿಟ್ಟೆ. ನಾಲ್ಕನೆಯದಕ್ಕೆ ಅವರು ಓದಿದರು: "ಟ್ರಯಲ್ ಅವಧಿಯೊಳಗೆ ರದ್ದುಪಡಿಸದಿದ್ದಲ್ಲಿ ಸದಸ್ಯತ್ವವು ತಾನಾಗಿಯೇ ಮುಂದುವರಿಯುತ್ತದೆ." ಎರಡು ಸಲ ಓದಿದರು. "ಸುಮ್ಮನಿದ್ರೆ ಒಪ್ಪಿಗೆ ಅಂತೆ!" ಎಂದು ಹೌಹಾರಿದರು. ನಿಜ ಹೇಳಬೇಕೆಂದರೆ ನನಗೂ ಪಿತ್ತ ನೆತ್ತಿಗೇರಿತು. ಓದಬಾರದೆಂದೇ ಬರೆಯುವ ಅಕ್ಷರ ಕಂಡರೆ ನನಗಾಗದು. ನನ್ನ ಕಸುಬಿಗೇ ಮಾಡುವ ಅವಮಾನ ಅದು.

ಹೂಬಳ್ಳಿಯವರು ಹತ್ತು ನಿಮಿಷದಲ್ಲಿ ತೊಲಗಿದರು. ಫಿಟ್ ಕ್ಲಬ್ಬಿನವರು ಶುಕ್ರವಾರ ಇಡೀ ಆಟ ಆಡಿಸಿದರು. "ಉಳಿಯುತ್ತೇನೆ" ಎನ್ನುವುದು ಅಂಗೈಯಗಲ, "ಬಿಡುತ್ತೇನೆ" ಎನ್ನುವುದು ಸಾಸಿವೆಯಷ್ಟು. ಮಾಸ್ಟರ್ ಮೂರು ಸಲ ದೊಡ್ಡದನ್ನೇ ಒತ್ತಿ ಮತ್ತೆ ಮೊದಲಿಗೆ ಬಂದರು. ನಾಲ್ಕನೇ ಸಲ ಸಾಸಿವೆ ಸಿಕ್ಕಿತು. ಆಗ ಪರದೆಯ ಮೇಲೆ ಅಳುವ ಮುಖವೊಂದು ಬಂದು "ನಿಜವಾಗಿಯೂ ನಮ್ಮನ್ನು ಬಿಟ್ಟು ಹೋಗುತ್ತೀರಾ?" ಎಂದು ಕೇಳಿತು.

ಮಾಸ್ಟರ್ ಬೆರಳು ಅಲ್ಲೇ ನಿಂತಿತು. "ಪಾಪ, ಅಳ್ತಿದೆ."

"ಮಾಸ್ಟ್ರೇ, ಅದು ಚಿತ್ರ! ಒತ್ತಿ!"

ಒತ್ತಿದರು. ಮರುದಿನ ಬೆಳಿಗ್ಗೆ ಹೊಟ್ಟೆಯ ಬಗ್ಗೆ ಯಾರೂ ಕೂಗಲಿಲ್ಲ. ಅವರಿಗೆ ಸ್ವಲ್ಪ ಬೇಜಾರಾದಂತೆಯೂ ಕಂಡಿತು.

ಉಳಿದದ್ದು ಬೇಗ ತಲುಪಿಸುವವರು. ಅವರ ಪರದೆಯಲ್ಲಿ ಬಿಡುವ ದಾರಿಯೇ ಸಿಗಲಿಲ್ಲ. ಶನಿವಾರ ಮಧ್ಯಾಹ್ನದವರೆಗೆ ತಡಕಾಡಿ, ಕೊನೆಗೆ ಮಾಸ್ಟರ್ ತಮ್ಮ ಅಂಗಡಿಯಿಂದಲೇ ಅವರಿಗೆ ಫೋನು ಹಚ್ಚಿದರು. ಫೋನು ಮೇಜಿನ ಮೇಲೆ ಗಟ್ಟಿಯಾಗಿ ಮಾತಾಡುತ್ತಿತ್ತು. ಮಗಳು ಮೆಷಿನ್ ಮೇಲಿದ್ದಳು. ನಾನು ಈ ಕಡೆ ಒಬ್ಬ ಗಿರಾಕಿಯ ಕಣ್ಣು ನೋಡುತ್ತಿದ್ದೆ, ಅಂದರೆ ನೋಡುವಂತೆ ನಿಂತಿದ್ದೆ.

"ನಾನು ನಿಮ್ಮ ಸದಸ್ಯತ್ವ ತಗೊಂಡೇ ಇಲ್ಲಮ್ಮ. ಯಾವತ್ತು ಹೂಂ ಅಂದೆ?"

"ನೀವು ಬೇಡ ಅನ್ಲಿಲ್ಲ ಸರ್" ಎಂದಿತು ಹುಡುಗಿಯ ದನಿ.

"ಬೇಡ ಅನ್ಲಿಲ್ಲ ಅಂದ್ರೆ ಬೇಕು ಅಂತಾನಾ?"

"ನಮ್ಮಲ್ಲಿ ಹಾಗೇ ಸರ್."

"ನೋಡಮ್ಮ, ನಾಳೆ ಯಾವನೋ ಒಬ್ಬ ಬಂದು, ನೀನು ಬೇಡ ಅನ್ಲಿಲ್ಲ, ಅದಕ್ಕೇ ನಮ್ಮಿಬ್ಬರ ಮದುವೆ ಗೊತ್ತಾಯ್ತು ಅಂದ್ರೆ ಒಪ್ತೀಯಾ?"

ಆ ಕಡೆ ನಗು ತಡೆದುಕೊಳ್ಳುವ ಸದ್ದು ಬಂತು. ಈ ಕಡೆ ನನ್ನ ಗಿರಾಕಿ ಚೌಕಟ್ಟು ಮೂಗಿನ ಮೇಲಿದ್ದಂತೆಯೇ ನಕ್ಕುಬಿಟ್ಟ. ಹುಡುಗಿ ದನಿ ತಗ್ಗಿಸಿ, "ಲೈನಲ್ಲೇ ಇರಿ ಸರ್, ತೆಗೆದುಬಿಡ್ತೀನಿ" ಎಂದಳು. ಎರಡು ನಿಮಿಷ ಹಾಡು ಕೇಳಿಸಿ ವಾಪಸು ಬಂದು, ಆಯ್ತು ಎಂದಳು. "ಇನ್ನೇನಾದರೂ ಬೇಕಿತ್ತಾ ಸರ್?"

"ಬೇಡ. ಬಾಯಿಬಿಟ್ಟು ಹೇಳ್ತಾ ಇದ್ದೀನಿ, ಬರ್ಕೋ. ಬೇಡ."

ಫೋನಿಟ್ಟ ಮಾಸ್ಟರನ್ನು ಹಿಡಿಯುವವರೇ ಇರಲಿಲ್ಲ. "ಕೇಳಿದ್ಯೇನೇ? ಮೂರೂ ಮುಗೀತು! ಕಾರ್ಡು ನಂದೇ! ಅಲ್ಲ, ಮನುಷ್ಯ ಸುಮ್ಮನಿದ್ದಾನೆ ಅಂದ ಮಾತ್ರಕ್ಕೆ ಒಪ್ಪಿದ್ದಾನೆ ಅಂದ್ಕೊಂಡುಬಿಡೋದಾ? ಒಂದು ಮಾತು ಕೇಳೋಕೆ ಇವರ ಗಂಟೇನು ಹೋಗ್ತಿತ್ತು?"

ಮೆಷಿನ್ ನಿಂತಿತು.

"ಅಪ್ಪ, ನಾನು ಈ ಅಂಗಡಿಗೆ ಹೇಗೆ ಬಂದೆ, ನೆನಪಿದೆಯಾ?"

"ಹೇಗೆ ಅಂದ್ರೆ? ಅಮ್ಮನ ಕೈ ಮುರಿದಿತ್ತು, ಹೊಲಿಯೋಕೆ ಜನ ಇರ್ಲಿಲ್ಲ."

"ಆರು ತಿಂಗಳು ಟ್ರಯಲ್ ಅಂತ ಬಾ, ಸರಿ ಹೋಗದಿದ್ರೆ ಬಿಟ್ಟು ನಿನ್ನ ದಾರಿ ನೋಡ್ಕೋ ಅಂದಿದ್ದೆ. ಹನ್ನೊಂದು ವರ್ಷ ಆಯ್ತು ಅಪ್ಪ. ನೀನು ಕೇಳ್ಲೇ ಇಲ್ಲ" ಎಂದಳು.

ಈ ಕಡೆ ನಾನು, ಗಿರಾಕಿ ಇಬ್ಬರೂ ಹಲಗೆಯ ಹತ್ತಿರಕ್ಕೆ ಸರಿದೆವು. ಆ ಹೊತ್ತಿನಲ್ಲಿ ಏನನ್ನಿಸಿತೆಂದು ಮಾಸ್ಟರ್ ಆಮೇಲೆ ನನಗೆ ಹೇಳಿದರು. "ಹೋಗ್ತೀನಿ ಅಂತಾಳೆ ಅಂದ್ಕೊಂಡೆ ಡಾಕ್ಟ್ರೇ. ಕಾರ್ಡೂ ಬೇಡ, ಏನೂ ಬೇಡ, ಇವಳು ಹೋಗದಿದ್ರೆ ಸಾಕು ಅನ್ನಿಸ್ತು. ಅಷ್ಟು ಹೆದರಿಕೆ ನಂಗೆ ಯಾವತ್ತೂ ಆಗಿರ್ಲಿಲ್ಲ."

ಆದರೆ ಆ ಮನುಷ್ಯನನ್ನು ಮೆಚ್ಚಬೇಕು. ಚೆನ್ನಾಗಿಯೇ ಇದ್ದೀಯಲ್ಲ ಎನ್ನಲಿಲ್ಲ, ನಾನೇನು ಕಡಿಮೆ ಮಾಡಿದ್ದೆ ಎನ್ನಲಿಲ್ಲ. ಕುರ್ಚಿ ಎಳೆದುಕೊಂಡು ಕೂತ ಸದ್ದಾಯಿತು. "ಈಗ ಕೇಳ್ತಾ ಇದ್ದೀನಿ. ಎಲ್ಲಿ ಬಿಗಿ ಆಗ್ತಿದೆ, ಹೇಳು."

ಮಗಳು ಹೇಳಿದಳು. "ಅಂಗಡಿ ಬಿಡಲ್ಲಪ್ಪ. ಕೆಲಸ ನಂಗಿಷ್ಟ. ಆದ್ರೆ ಹನ್ನೊಂದು ವರ್ಷದಿಂದ ನೀನು ಕತ್ತರಿಸಿ ಕೊಟ್ಟಿದ್ದನ್ನ ಹೊಲೀತಾ ಇದ್ದೀನಿ. ಒಂದೇ ಒಂದು ಕೋಟು ನನ್ನ ಕೈಯಲ್ಲಿ ಕತ್ತರಿಸೋಕೆ ಬಿಟ್ಟಿಲ್ಲ. ಗಿರಾಕಿ ನನ್ನ ಕೇಳಿದ್ರೂ ಉತ್ತರ ನೀನೇ ಕೊಡ್ತೀಯ. ಕಾರ್ಡಿನ ಆಸೆ ನಂಗ್ಯಾಕೆ? ಈ ಅಂಗಡೀಲಿ ಏನಾದ್ರೂ ಒಂದನ್ನ ನಾನೂ ತೀರ್ಮಾನ ಮಾಡ್ಬೇಕು ಅನ್ನಿಸ್ತು, ಅಷ್ಟೇ." ಅಷ್ಟು ಹೇಳುವಷ್ಟರಲ್ಲಿ ಆಕೆ ಅಳುತ್ತಿದ್ದಳು. ಅಪ್ಪ ಏನಂದರೋ ತಿಳಿಯಲಿಲ್ಲ. ಅವರು ಪಿಸುಗುಡುವುದನ್ನು ನಾನು ಅದೇ ಮೊದಲು ಕೇಳಿದ್ದು.

ಸೋಮವಾರ ಬೆಳಿಗ್ಗೆ ಚಹಾ ಹಿಡಿದು ಅಲ್ಲಿಗೆ ಹೋದೆ. ಮಾಸ್ಟರ್ ಮೆಷಿನ್ ಮೇಲೆ ಕೂತು ಯಾರದೋ ಪ್ಯಾಂಟಿನ ಅಂಚು ಮಡಚುತ್ತಿದ್ದರು. ಮೇಜಿನ ಹಿಂದೆ ಮಗಳು ನಿಂತಿದ್ದಳು. ಅಷ್ಟರಲ್ಲಿ ಶಾಲೆಯ ಹೆಡ್‌ಮಾಸ್ಟರರು ಕೋಟಿಗೆಂದು ಒಳ್ಳೆಯ ಕಪ್ಪು ಬಟ್ಟೆ ಹಿಡಿದು ಬಂದರು. ಮೇಜಿನ ಕಡೆ ನೋಡಿ, "ಎಲ್ಲಮ್ಮ, ಮಾಸ್ಟರ್ ಇಲ್ವಾ?" ಎಂದರು.

ಮಗಳು ಅಪ್ಪನ ಕಡೆ ನೋಡಿದಳು. ಆ ಅಪ್ಪ ಮಗಳನ್ನು ತೊಟ್ಟಿಲಿನಿಂದಲೂ ಬಾರೇ, ಹೋಗೇ ಎಂದೇ ಕರೆದವರು.

"ಅಗೋ, ಎದುರಿಗೇ ನಿಂತಿದ್ದಾರಲ್ಲ ಸರ್" ಎಂದರು, ತಲೆ ಎತ್ತದೆ. "ಅವರೇ ಮಾಸ್ಟರ್. ಬಟ್ಟೆ ಅವರಿಗೆ ಕೊಡಿ."

ಮಗಳು ಟೇಪು ಎತ್ತಿಕೊಂಡಳು. "ತೋಳು ಚಾಚಿ ಸರ್" ಎಂದಳು.