ಆಂಟಿ ಬಾಚುತ್ತಿದ್ದ ಮರಳು

ಕಾರಿನ ಡಿಕ್ಕಿ ತೆರೆದ ಮೆಕ್ಯಾನಿಕ್ ಕಸ ಬಾಚುವ ಕಬ್ಬಿಣದ ರೇಕು ಎತ್ತಿ ಹಿಡಿದ. “ಎಂಥ ಮಾರಾಯ, ಬರ್ಕಾದಲ್ಲಿ ತೋಟ ತಗೊಂಡಿದ್ದೀಯಾ?” ಅದರ ಹಲ್ಲುಗಳಿಂದ ಒಂದಿಷ್ಟು ಮರಳು ಉದುರಿತು. ಯಾವ ಮಾತಿಗೂ ಎದುರುತ್ತರ ಸಿದ್ಧವಿಟ್ಟುಕೊಳ್ಳುವ ನಾನು ಅದನ್ನು ಇಸಿದುಕೊಂಡು ಮತ್ತೆ ಡಿಕ್ಕಿಯೊಳಗಿಟ್ಟೆ...

ಅದು ಈ ಕೊಲ್ಲಿ ನಾಡಿನ ಅಲ್ ಖುವೈರ್‌ನಲ್ಲಿ ನಮ್ಮ ಪಕ್ಕದ ಫ್ಲ್ಯಾಟಿನಲ್ಲಿದ್ದ ಆಂಟಿಯದು. ಲಾಟ್ವಿಯಾದವರು, ಶಾಲೆಯೊಂದರಲ್ಲಿ ಪಿಯಾನೊ ಕಲಿಸುತ್ತಿದ್ದರು. ಗಂಡ ಇಲ್ಲೇ ತೀರಿಕೊಂಡು ಇಲ್ಲಿನ ಕ್ರೈಸ್ತರ ಸ್ಮಶಾನದಲ್ಲೇ ಮಣ್ಣಾದರು. ಆಂಟಿಗೆ ಕಾರು ಓಡಿಸಲು ಬಾರದು. ರಜೆಯ ದಿನವಾದ ಶುಕ್ರವಾರ ಬೆಳಿಗ್ಗೆ ಅಲ್ಲಿಗೆ ಕರೆದೊಯ್ಯುವ ಕೆಲಸ ನನ್ನ ಪಾಲಿಗೆ ಬಂತು. “ದೇವರೇ ಇಲ್ಲ ಅಂತ ಭಾಷಣ ಬಿಗಿಯುವವ ವಾರ ವಾರ ಗೋರಿಗೆ ಹೋಗ್ತಾನೆ, ನೋಡಿ ಮಾರಾಯ್ರೆ!” ಎಂದು ಅಮ್ಮ ನಗುತ್ತಿದ್ದರು.

ಆಂಟಿ ಸಮಾಧಿಯ ಸುತ್ತ ಮರಳು ಬಾಚಿ, ಗೆರೆ ಎಳೆಯುತ್ತ ಹಿಮ್ಮುಖವಾಗಿ ಹೊರಬರುತ್ತಿದ್ದರು. ತಮ್ಮ ಕೊನೆಯ ಹೆಜ್ಜೆಯೂ ಅಳಿಯಬೇಕು. ಗೆರೆಯಿಲ್ಲದ ಸಮಾಧಿಯೆಂದರೆ ಸತ್ತವರಿಗೆ ಯಾರೂ ಇಲ್ಲವೆಂದೇ ಅವರ ಊರಿನಲ್ಲಿ ಅರ್ಥವಂತೆ.

“ಇದು ಬೈಬಲ್ಲಿನಲ್ಲಿ ಎಲ್ಲಿದೆ ಆಂಟಿ?” ನಾನು ಬಿಡುತ್ತೇನೆಯೇ!

“ಎಲ್ಲೂ ಇಲ್ಲ. ನೂರಾರು ವರ್ಷಗಳ ಹಿಂದೆ ಜರ್ಮನರು ಕತ್ತಿ ಹಿಡಿದು ಬಂದು ಯೇಸುವನ್ನು ಕೊಟ್ಟರು. ಸೋವಿಯತ್‌ನವರು ಬಂದು ದೇವರೇ ಇಲ್ಲ ಎಂದರು, ನಮ್ಮೂರ ಚರ್ಚಿನಲ್ಲಿ ಧಾನ್ಯ ತುಂಬಿದರು. ನಮ್ಮ ಅಜ್ಜಿಯಂದಿರು ಎಲ್ಲರಿಗೂ ತಲೆಯಾಡಿಸಿದರು. ಮರಳು ಬಾಚುವುದನ್ನು ಮಾತ್ರ ಬಿಡಲಿಲ್ಲ.”

“ಹಾಗಾದರೆ ನೀವು ನಂಬುವುದು ಯಾವುದನ್ನು?”

“ವಕೀಲರೇ, ಮೊದಲು ನೀರಿನ ಬಾಟಲಿ ಕೊಡಿ.”

ಇಲ್ಲಿನ ಗಾಳಿಗೆ ಆ ಗೆರೆಗಳು ನಾವು ಕಾರು ಹತ್ತುವವರೆಗೂ ಉಳಿಯುತ್ತಿರಲಿಲ್ಲ. ಜಲ್ಲಿ ಹಾಸಿಬಿಡೋಣ ಎಂದೆ. “ಆಮೇಲೆ ನಾನು ಯಾಕೆ ಬರಬೇಕು?” ಎಂದರು. ಆ ವಾದದಲ್ಲಿ ನಾನು ಸೋತೆ.

ಮುಂದೆ ಆಂಟಿಯ ಕೆಲಸ ಮುಗಿಯಿತು, ವೀಸಾವೂ ಖಲಾಸ್, ಊರಿಗೆ ಮರಳಲೇಬೇಕಾಯಿತು. ಕೊನೆಯ ಶುಕ್ರವಾರ ಆಂಟಿ ಸಮಾಧಿಯತ್ತ ನೋಡುತ್ತ, “ಇನ್ನು ಇವರಿಗೆ ಯಾರು?” ಎಂದರು. ನಾನಿದ್ದೇನಲ್ಲ ಎಂದು ರೇಕು ಇಸಿದುಕೊಂಡೆ. ನಂಬಿಕೆಯಿಂದಲ್ಲ... ಬೇರೆ ಏನು ಹೇಳಬಹುದಿತ್ತು?

ಕಳೆದ ತಿಂಗಳು ಅವರ ಅಣ್ಣನ ಮಗಳ ಸಂದೇಶ ಬಂತು. ಆಂಟಿ ಹೋಗಿಬಿಟ್ಟರು. ಜೊತೆಗೊಂದು ಫೋಟೊ: ಅವರ ಊರಿನಲ್ಲಿ ಆಂಟಿಯ ಹೊಸ ಸಮಾಧಿ, ಪಕ್ಕದಲ್ಲಿ ಗಂಡನಿಗೆಂದು ಬಿಟ್ಟ ಖಾಲಿ ಜಾಗ. ಎರಡರ ಮೇಲೂ ನೇರ ಗೆರೆಗಳು. ಅಲ್ಲಿರುವ ಮಾವನ ಸಮಾಧಿಯ ಫೋಟೊ ಕಳುಹಿಸುತ್ತೀರಾ ಎಂದು ಕೇಳಿದ್ದಾಳೆ.

ಅಂದಿನಿಂದ ಪ್ರತಿ ಶುಕ್ರವಾರ ಬಾಚುತ್ತೇನೆ, ಹಿಮ್ಮುಖವಾಗಿ ಹೊರಬರುತ್ತೇನೆ. ರೇಕು ಕೆಳಗಿಟ್ಟು ಫೋನ್ ತೆಗೆಯುವಷ್ಟರಲ್ಲಿ ಗಾಳಿ ಬೀಸಿ ಗೆರೆಗಳನ್ನು ಅಳಿಸುತ್ತದೆ. ಫೋಟೊದಲ್ಲಿ ಕಾಣುವುದು ಯಾರೂ ಇಲ್ಲದವನ ಸಮಾಧಿ. ಅದನ್ನು ಅವಳಿಗೆ ಹೇಗೆ ಕಳುಹಿಸಲಿ...