ಕಂಡಷ್ಟೇ ಸಾಕ್ಷಿ

ನಮ್ಮ ಕ್ರೈಸ್ತ ಸಭೆಯಲ್ಲಿ ಭಾನುವಾರದ ಆರಾಧನೆ ಮುಗಿಯುವ ಮೊದಲು ಸಾಕ್ಷಿ ಹೇಳುವ ಪದ್ಧತಿಯಿತ್ತು. ಯಾರಾದರೊಬ್ಬರು ಎದ್ದು, ದೇವರು ತಮಗೆ ಮಾಡಿದ ಒಳಿತನ್ನು ಹೇಳಿ ಕೂರಬೇಕು. ಜ್ವರ ಬಿಟ್ಟದ್ದು, ತಪ್ಪಿಸಿಕೊಂಡ ಎಮ್ಮೆ ಸಿಕ್ಕಿದ್ದು, ಮಗಳಿಗೆ ಗಂಡು ಗೊತ್ತಾದದ್ದು. ಮಂಡ್ಯದ ಸಕ್ಕರೆ ಕಾರ್ಖಾನೆಯ ಹಿಂಭಾಗದ ಒಂದು ಹೆಂಚಿನ ಮನೆಯೇ ಆಗ ನಮ್ಮ ದೇವಾಲಯ. ಎಲ್ಲರೂ ಚಾಪೆಯ ಮೇಲೆ ಕೂರುತ್ತಿದ್ದೆವು. ಕೇಳಿ ಕೇಳಿ, ಯಾರ ಸಾಕ್ಷಿ ಎಲ್ಲಿ ಅಳುವಿಗೆ ತಿರುಗುತ್ತದೆ ಎಂಬುದೂ ನನಗೆ ಬಾಯಿಪಾಠವಾಗಿತ್ತು.

ಎರಡನೇ ಮಹಾಯುದ್ಧದ ಕಾಲ. ನನ್ನ ಚೊಚ್ಚಲ ಗಂಡು ಮಗು ಹುಟ್ಟಿದ ವಾರದೊಳಗೇ ತೀರಿಕೊಂಡಿತು. ನನ್ನ ಗಂಡ ಕಾರ್ಖಾನೆಯಲ್ಲಿ ಫಿಟ್ಟರು. ಮಗುವನ್ನು ಮಣ್ಣು ಮಾಡಿ ಬಂದವರು ಮಾರನೆಯ ದಿನವೇ ಪಾಳಿಗೆ ಹೋದರು. ನನಗೆ ಅಳು ಬರಲಿಲ್ಲ. ಅಳದಿದ್ದರೆ ಎದೆ ಒಡೆದೀತು ಎಂದು ನೋಡಲು ಬಂದವರೆಲ್ಲ ಹೆದರಿಸಿದರು. ಒಡೆಯಲಿಲ್ಲ. ಉಣ್ಣು ಅಂದರೆ ಉಣ್ಣುತ್ತಿದ್ದೆ, ಮಲಗು ಅಂದರೆ ಮಲಗುತ್ತಿದ್ದೆ. ಸಾರಿಗೆ ಉಪ್ಪು ಬಿದ್ದಿದೆಯೋ ಇಲ್ಲವೋ ನಾಲಿಗೆಗೆ ತಿಳಿಯುತ್ತಿರಲಿಲ್ಲ. ದೇವರ ಮೇಲೆ ಸಿಟ್ಟೂ ಇರಲಿಲ್ಲ. ಸಿಟ್ಟು ಮಾಡಿಕೊಳ್ಳಲಿಕ್ಕಾದರೂ ಒಳಗೆ ಯಾರಾದರೂ ಇರಬೇಕಲ್ಲ.

ಅಂಥದ್ದರಲ್ಲಿ ಸಭೆ ನಡೆಸುವ ಉಪದೇಶಿಗಳು ಮನೆಗೆ ಬಂದರು. "ಈ ತಿಂಗಳ ಕೊನೇ ಭಾನುವಾರ ನೀನು ಸಾಕ್ಷಿ ಹೇಳಬೇಕಮ್ಮ. ಇಷ್ಟಾದರೂ ದೇವರು ಒಳ್ಳೆಯವನು ಅಂತ ನಿನ್ನ ಬಾಯಿಂದ ಬಂದರೆ ಎಲ್ಲರಿಗೂ ಧೈರ್ಯ" ಎಂದರು. ಒಳ್ಳೆಯ ಮನುಷ್ಯರೇ, ಕೆಟ್ಟದ್ದು ಬಯಸಿ ಕೇಳಿದ್ದಲ್ಲ. ಆದರೆ ಒಳ್ಳೆಯವನು ಎಂದರೆ ನನ್ನ ಮಟ್ಟಿಗೆ ಅದು ಸುಳ್ಳು. ಗೊತ್ತಿಲ್ಲ ಎಂದುಬಿಟ್ಟರೆ ಆ ಮನೆಯ ಹೊಸ್ತಿಲನ್ನು ಮತ್ತೆ ತುಳಿಯಲಾರೆ. ನಾನು ಮಂಡಿಯೂರುತ್ತಿದ್ದ ಜಾಗ ಅದೊಂದೇ. ಅದೂ ಹೋದರೆ ನನಗೆ ಏನೂ ಉಳಿಯುವುದಿಲ್ಲ ಎಂಬುದು ಮಾತ್ರ ಆ ಮಂಕಿನಲ್ಲೂ ಹೊಳೆದಿತ್ತು.

ನನ್ನ ಅತ್ತೆ ಬೆಳಕವಾಡಿ ಕಡೆಯವರು, ವಯಸ್ಸಾದ ಮೇಲೆ ದೀಕ್ಷಾಸ್ನಾನ ಪಡೆದವರು. ಸಾಕ್ಷಿ ಅಂದರೆ ಅವರಿಗೆ ಕೋರ್ಟು ಕಚೇರಿಯ ಸಾಕ್ಷಿಯೇ. ಹಿಂದೊಮ್ಮೆ ಬಂಡೂರಿನ ಕುರಿ ಕಳುವಾದಾಗ ಇವರನ್ನು ಮಳವಳ್ಳಿ ಕಚೇರಿಗೆ ಕರೆಸಿದ್ದರಂತೆ. "ಕುರಿ ಕಂಡೆ ಬುದ್ದಿ, ಕದ್ದಿದ್ದು ಕಾಣ್ನಿಲ್ಲ" ಎಂದು ಹೇಳಿ ಇಳಿದು ಬಂದರಂತೆ. ಎರಡು ಕಡೆಯವರಿಂದಲೂ ಬೈಸಿಕೊಂಡರಂತೆ. ನಮ್ಮ ಸಭೆಯಲ್ಲಿ ಅವರು ಒಂದು ದಿನವೂ ಎದ್ದವರಲ್ಲ. ಯಾಕೆ ಅಂದರೆ, "ನನ್ನ ಯಾರೂ ಕೂಗೇ ಇಲ್ವಲ್ಲ" ಎನ್ನುತ್ತಿದ್ದರು. ಕಚೇರಿಯ ಜವಾನ ಮೂರು ಸಲ ಹೆಸರು ಕೂಗುತ್ತಾನಲ್ಲ, ಇಲ್ಲೂ ಹಾಗೇ ಕೂಗುತ್ತಾರೆಂದು ವರ್ಷಗಟ್ಟಲೆ ಕಾದು ಕೂತಿದ್ದರು.

ಉಪದೇಶಿಗಳು ಅತ್ತ ಹೋದ ಮೇಲೆ, "ಏನು ಹೇಳ್ಲಿ ಅತ್ತೆ?" ಎಂದೆ.

"ನೀ ಏನ್ ಕಂಡಿದ್ದೀಯೆ?"

"ಏನೂ ಕಂಡಿಲ್ಲ."

"ಅಂಗಾರೆ ಏನೂ ಏಳ್ಬ್ಯಾಡ ಕಣವ್ವ. ಕಾಣ್ದೇ ಇರೋದ್ನ ಕಂಡೆ ಅಂದ್ರೆ ಅದು ದೇವ್ರಿಗೂ ಒಪ್ಪಾಕಿಲ್ಲ."

ನಮ್ಮ ಎದುರು ಮನೆಯಲ್ಲಿ, ಪೆಟ್ರೋಲ್ ಸಿಗದ ಆ ದಿನಗಳಲ್ಲಿ ಓಡುತ್ತಿದ್ದ ಇದ್ದಲು ಗ್ಯಾಸಿನ ಬಸ್ಸುಗಳನ್ನು ರಿಪೇರಿ ಮಾಡುವ ಸಾಬರಿದ್ದರು. ಅವರ ಹೆಂಡತಿ ಎರಡು ತಿಂಗಳ ಬಾಣಂತಿ. ಚಳಿಜ್ವರ ಹಿಡಿದು ಆಕೆಯ ಹಾಲು ಬತ್ತಿಹೋಗಿ, ಮಗು ಹಗಲೆಲ್ಲ ಚೀರುತ್ತಿತ್ತು. ಇತ್ತ ನನ್ನ ಎದೆ ಕಟ್ಟಿಕೊಂಡು ಕಲ್ಲಾಗಿತ್ತು. ಹಾಲು ಬತ್ತಲೆಂದು ಅತ್ತೆ ಎದೆಗೆ ಮಲ್ಲಿಗೆ ಹೂವು ಕಟ್ಟಿದ್ದರು. ಉಪದೇಶಿಗಳು ಬಂದುಹೋದ ಮಾರನೆಯ ಮಧ್ಯಾಹ್ನ ಅತ್ತೆ ಎದುರು ಮನೆಗೆ ಹೋಗಿ, ಆ ಹೆಣ್ಣು ಕೂಸನ್ನು ಎತ್ತಿಕೊಂಡು ಬಂದು, ನನ್ನನ್ನು ಒಂದು ಮಾತೂ ಕೇಳದೆ ಮಡಿಲಿಗೆ ಹಾಕಿದರು. ಕಟ್ಟಿದ್ದ ಹೂವನ್ನು ಬಿಚ್ಚಿ ಎಸೆದರು.

ಮಗು ಬಾಯಿ ಹಾಕಿತು. ನಾನು ಗೋಡೆಯ ಸುಣ್ಣ ನೋಡುತ್ತ ಕೂತಿದ್ದೆ. ಎದೆಯ ಭಾರ ಇಳಿಯಿತು, ಅಷ್ಟೆ. ಅಲ್ಲಿಂದಾಚೆಗೆ ಅತ್ತೆ ದಿನವೂ ಅದನ್ನು ಎತ್ತಿಕೊಂಡು ಬರುವರು, ನಾನು ಕುಡಿಸುವೆನು, ಅವರು ವಾಪಸು ಕೊಟ್ಟು ಬರುವರು. ನನಗೆ ಕರುಣೆಯೂ ಹುಟ್ಟಲಿಲ್ಲ, ಸಂಕಟವೂ ಆಗಲಿಲ್ಲ. ಆ ಮಗು ಕಪ್ಪೋ ಬಿಳುಪೋ ಎಂದು ಯಾರಾದರೂ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

ಕೊನೆಯ ಭಾನುವಾರ ಬಂತು. ಉಪದೇಶಿಗಳು ನನ್ನತ್ತ ನೋಡಿ ತಲೆಯಾಡಿಸಿದರು. ಎದ್ದು ನಿಂತೆ. ಯಾರೋ ಕೆಮ್ಮಿದರು, ಯಾರೋ ಪಾಪ ಎಂದರು. ಪಕ್ಕದಲ್ಲಿ ಅತ್ತೆ ಮಂಡಿ ಹಿಡಿದುಕೊಂಡು ಮೇಲೆದ್ದರು.

"ಅವ್ಳ ಕೇಳ್ಬ್ಯಾಡಿ ಅಯ್ನೋರೆ. ಅವ್ಳು ಕಂಡಿಲ್ಲ. ಕಂಡಿರೋಳು ನಾನು. ನನ್ನ ಕೂಗಿ."

ಉಪದೇಶಿಗಳು ತಬ್ಬಿಬ್ಬಾದರು. ಕೊನೆಗೆ ಹೆಸರು ಹಿಡಿದು ಕರೆದರು. ಅತ್ತೆ ಹಾಗೇ ನಿಂತಿದ್ದರು. ಇನ್ನೂ ಎರಡು ಸಲ ಕರೆಯಬೇಕಾಯಿತು. ಆಮೇಲೆ ಬಲಗೈ ಎತ್ತಿ ಶುರುಮಾಡಿದರು.

"ನನ್ ಮೊಮ್ಮಗ ಓಗ್ಬುಟ್ಟ. ಅದ್ಯಾಕೆ ಅಂತ ನಾ ಕಾಣೆ. ದೇವ್ರು ಆವಾಗ ಏನ್ ಮಾಡ್ತಿದ್ದ ಅಂತ್ಲೂ ಕಾಣೆ. ಎದ್ರು ಮನೆ ಕೂಸು ಆಲಿಲ್ದೆ ಒಣಗ್ತಿತ್ತು, ಅದ್ನ ಕಂಡೆ. ನನ್ ಸೊಸೆ ಕುಡ್ಸುದ್ಲು, ಅದ್ನೂ ಕಂಡೆ. ಇವ್ಳು ಅದ್ರ ಮಕ ನೋಡ್ನಿಲ್ಲ. ಅದು ಇವ್ಳ ಮಕಾನೇ ನೋಡ್ಕಂಡು ಕುಡೀತಿತ್ತು. ನೆನ್ನೆ ಇವ್ಳ ಮಕ ನೋಡಿ ನಕ್ತು. ದೇವ್ರು ಒಳ್ಳೇವ್ನು ಅನ್ನಾಕೆ ನಾ ಕಂಡಿರೋದು ಇಷ್ಟೇಯ."

ಕೈ ಇಳಿಸಿ ಕೂತುಬಿಟ್ಟರು. ನಾನಿನ್ನೂ ನಿಂತೇ ಇದ್ದೆ. ಹಾಡು ಶುರುವಾಗುವಷ್ಟರಲ್ಲಿ ನನ್ನ ರವಿಕೆ ಒದ್ದೆಯಾಗಿತ್ತು. ಯಾರೂ ಕುಡಿಯದೆ, ಯಾರೂ ಮುಟ್ಟದೆ, ಹಾಲು ತಾನಾಗಿ ಇಳಿಯುತ್ತಿತ್ತು. ಸೆರಗು ಹೊದ್ದು, ಆಶೀರ್ವಾದಕ್ಕೂ ಕಾಯದೆ ಹೊರಗೆ ಬಂದು ಬಿರಬಿರನೆ ಮನೆಯ ದಾರಿ ಹಿಡಿದೆ.

ನಮ್ಮ ಬಾಗಿಲು ತೆಗೆಯಲಿಲ್ಲ. ನೇರ ಎದುರು ಮನೆಗೆ ಹೋಗಿ ಬಾಗಿಲಲ್ಲಿ ನಿಂತು, "ಮಗು ಕೊಡಿ" ಎಂದೆ. ನಾನೇ ಬಾಯಿಬಿಟ್ಟು ಕೇಳಿದ್ದು ಅದೇ ಮೊದಲು. ಆಕೆ ಹಾಸಿಗೆಯಿಂದಲೇ ಎತ್ತಿ ಕೊಟ್ಟಳು. ಅಲ್ಲೇ ನೆಲದ ಮೇಲೆ ಕೂತು ಮಡಿಲಿಗೆ ಹಾಕಿಕೊಂಡೆ, ತಲೆ ಬಗ್ಗಿಸಿದೆ.

ಅತ್ತೆ ಹೇಳಿದ್ದು ನಿಜ. ಅದು ನನ್ನ ಮುಖವನ್ನೇ ನೋಡುತ್ತಿತ್ತು. ಆಗ ನನಗೆ ಅಳು ಬಂತು.