ಹೊಸ್ತಿಗೆ ಮೊದಲೇ ಕೊಯ್ದ ಕದಿರು

ನಾನು ಸಿಸ್ಟರುಗಳ ಹೈಸ್ಕೂಲಿಗೆ ಸೇರಿದ್ದು ಅಪ್ಪ ಬರೆದ ಒಂದು ಕಾಗದದಿಂದ. ಅಪ್ಪ ಬೊಂಬಾಯಿಯ ಹೋಟೆಲೊಂದರಲ್ಲಿ ಗಲ್ಲೆಯ ಮೇಲೆ ಕೂತು ದುಡ್ಡು ತೆಗೆದುಕೊಳ್ಳುತ್ತಿದ್ದರು. ಅಲ್ಲಿಗೆ ದಿನಾ ಕಾಫಿಗೆ ಬರುತ್ತಿದ್ದ ಮಂಗಳೂರು ಕಡೆಯ ಹುಡುಗಿಯೊಬ್ಬಳು ದೊಡ್ಡ ಆಫೀಸಿನಲ್ಲಿ ಟೈಪಿಸ್ಟಂತೆ, ಸಿಸ್ಟರುಗಳ ಶಾಲೆಯಲ್ಲಿ ಓದಿ ಕಾಲೇಜಿಗೂ ಹೋದವಳಂತೆ. "ನಮ್ಮ ಹುಡುಗಿಯನ್ನೂ ಅಂಥ ಶಾಲೆಗೇ ಹಾಕಿ, ಅಲ್ಲಿ ಓದಿದವರು ಕಾಲೇಜು ಮೆಟ್ಟಿಲು ಹತ್ತದೆ ಇರುವುದಿಲ್ಲ" ಎಂದು ಅಪ್ಪ ಬರೆದಿದ್ದರು. ಅರವತ್ತೆರಡೋ ಅರವತ್ತಮೂರೋ ಇರಬೇಕು. ನಮ್ಮ ಮನೆ ಕುಂದಾಪುರದ ಹೊಳೆಯಾಚೆ. ಆ ಜೂನ್ ತಿಂಗಳಿಂದ ನಾನು ಬೆಳಿಗ್ಗೆ ದೋಣಿ ಹತ್ತಿ, ಈಚೆ ದಡದಲ್ಲಿಳಿದು, ಮೈಲಿ ದೂರ ನಡೆದು ಎಂಟನೇ ಕ್ಲಾಸಿಗೆ ಹೋಗತೊಡಗಿದೆ.

ಮೊದಲ ಎರಡು ತಿಂಗಳು ನನಗೆ ಏನೊಂದೂ ತಿಳಿಯಲಿಲ್ಲ. ಬೆಳಿಗ್ಗೆ ಇಂಗ್ಲಿಷಿನಲ್ಲಿ ಪ್ರಾರ್ಥನೆ. ಅದರ ಒಂದು ಶಬ್ದವೂ ಗೊತ್ತಿರದ ನಾನು ಉಳಿದವರ ತುಟಿ ನೋಡಿ ತುಟಿ ಆಡಿಸುತ್ತಿದ್ದೆ. ಮಧ್ಯಾಹ್ನ ಹನ್ನೆರಡಕ್ಕೆ ಪಕ್ಕದ ಇಗರ್ಜಿಯ ಗಂಟೆ ಬಾರಿಸಿದ ಕೂಡಲೇ, ಲೆಕ್ಕದ ಟೀಚರು ಬೋರ್ಡಿನ ಮೇಲೆ ಬರೆಯುತ್ತಿದ್ದವರು ಚಾಕ್ ಕೆಳಗಿಟ್ಟು ನಿಂತುಬಿಡುತ್ತಿದ್ದರು. ಅರ್ಧ ಕ್ಲಾಸು ಎದ್ದು ಹಣೆ, ಎದೆ, ಭುಜ ಮುಟ್ಟಿಕೊಳ್ಳುತ್ತಿತ್ತು. ಉಳಿದರ್ಧ ಸುಮ್ಮನೆ ನಿಲ್ಲುತ್ತಿತ್ತು. ಕೈ ಮುಗಿದರೆ ತಪ್ಪೋ, ಮುಗಿಯದಿದ್ದರೆ ತಪ್ಪೋ ತಿಳಿಯದೆ ನಾನು ಎರಡು ಅಂಗೈಗಳನ್ನೂ ಹೊಟ್ಟೆಯ ಹತ್ತಿರ ತಂದು, ಮುಟ್ಟಿಸದೆ, ಹಾಗೇ ಹಿಡಿದಿರುತ್ತಿದ್ದೆ. ಶುಕ್ರವಾರ ಒಂದು ಪೀರಿಯಡ್ಡಿನಲ್ಲಿ ಕ್ರಿಶ್ಚಿಯನ್ ಹುಡುಗಿಯರು ಅವರ ಧರ್ಮಪಾಠಕ್ಕೂ ನಾವು ನೀತಿಪಾಠಕ್ಕೂ ಬೇರೆ ಬೇರೆ ಕೋಣೆಗೆ ಹೋಗಬೇಕಿತ್ತು. ಅದು ಗೊತ್ತಿಲ್ಲದೆ ನಾನು ಮೂರು ಶುಕ್ರವಾರ ಧರ್ಮಪಾಠದಲ್ಲಿ ಕೂತೆ. ಪಾಠವೆಲ್ಲ ಕೊಂಕಣಿಯಲ್ಲಿ. ನಾಲ್ಕನೆಯ ವಾರ ಸಿಸ್ಟರು ನನ್ನನ್ನೇ ಒಂದು ಪ್ರಶ್ನೆ ಕೇಳಿದಾಗಲೇ ವಿಷಯ ಹೊರಬಿದ್ದದ್ದು.

ನನಗಿದ್ದ ಒಂದೇ ಆಧಾರ ನನ್ನ ಬೆಂಚಿನ ಗೆಳತಿ. ಮನೆಯಲ್ಲಿ ಕೊಂಕಣಿ, ನನ್ನ ಹತ್ತಿರ ನಮ್ಮದೇ ಕುಂದಾಪ್ರ ಭಾಷೆ ಆಡುವವಳು. ಆಗಸ್ಟಿನ ಕೊನೆಗೆ ಅವಳು, "ನಾಳಿಂದ ಒಂಬತ್ತ್ ದಿನ ಹೂಗ್ ತಕಂಡ್ ಬಾ, ಮೊಂತಿ ಹಬ್ಬ" ಅಂದಳು. ಮಾತೆ ಮರಿಯಮ್ಮ ಹುಟ್ಟಿದ ದಿನವಂತೆ. ಒಂಬತ್ತು ದಿನ ಮಕ್ಕಳೆಲ್ಲ ಬುಟ್ಟಿಯಲ್ಲಿ ಹೂ ತಂದು ತೊಟ್ಟಿಲ ಮಗುವಿನಂಥ ಒಂದು ಪುಟ್ಟ ಮೂರ್ತಿಯ ಮುಂದೆ ಎರಚುವುದು. ಕೊನೆಯ ದಿನ ಹೊಸ ಬತ್ತದ ಕದಿರನ್ನು ಪಾದ್ರಿಗಳು ಮಂತ್ರಿಸಿ ಕೊಡುತ್ತಾರೆ, ಅದನ್ನು ಮನೆಗೊಯ್ದು ಪಾಯಸಕ್ಕೆ ಹಾಕಿ ಎಲ್ಲರೂ ಒಟ್ಟಿಗೆ ಕೂತು ಉಣ್ಣುವುದು.

"ಅದ್ ಹೊಸ್ತ್ ಅಲ್ದಾ?" ಅಂದೆ. ನಮ್ಮಲ್ಲಿ ಹೊಸ ಅಕ್ಕಿಯನ್ನು ಮೊದಲ ಸಲ ಉಣ್ಣುವ ಹಬ್ಬಕ್ಕೆ ಹೊಸ್ತು ಅನ್ನುತ್ತೇವೆ.

"ಹೊಸ್ತ್ ಅಲ್ಲ. ಮೊಂತಿ."

"ಹೊಸ ಅಕ್ಕಿ ಉಂಬ್ದ್ ಅಲ್ದಾ?"

"ಹೌದ್. ಆರೆ ಹೊಸ್ತಲ್ಲ."

ಅವಳಿಗೂ ಅದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ.

ಆ ವರ್ಷ ನೆರೆ ಬಂದು, ಪ್ರತಿವರ್ಷ ಇಗರ್ಜಿಗೆ ಕದಿರು ಕೊಡುತ್ತಿದ್ದ ಗದ್ದೆಯ ಸಸಿ ಕೊಳೆತುಹೋಗಿತ್ತು. ಎರಡನೆಯ ಸಲ ನೆಟ್ಟದ್ದು ಇನ್ನೂ ತೆನೆಯ ಹೊಡೆಯನ್ನೇ ಬಿಟ್ಟಿರಲಿಲ್ಲ. ಹೆಡ್‌ಮಿಸ್ಟ್ರೆಸ್ ಸಿಸ್ಟರು ಕ್ಲಾಸಿಗೆ ಬಂದು, ಪುಸ್ತಕದಲ್ಲಿ ಬರೆದಂಥ ತಮ್ಮ ಕನ್ನಡದಲ್ಲಿ, "ಯಾರ ಮನೆಯ ಗದ್ದೆಯಲ್ಲಾದರೂ ಕದಿರು ಬಂದಿದೆಯೇ ಮಕ್ಕಳೇ?" ಎಂದು ಕೇಳಿದರು. ಎತ್ತರದ ಹೆಂಗಸು, ಬಿಳಿ ನಿಲುವಂಗಿ, ನಗುವುದು ಕಡಿಮೆ. ನಾನು ಕೈ ಎತ್ತಿದೆ. ಅಷ್ಟು ದಿನದಲ್ಲಿ ಆ ಶಾಲೆಯಲ್ಲಿ ನನಗೆ ಉತ್ತರ ಗೊತ್ತಿದ್ದ ಪ್ರಶ್ನೆ ಅದೊಂದೇ. ನಮ್ಮ ಮೇಲಿನ ಗದ್ದೆಗೆ ನೆರೆ ಹತ್ತಿರಲಿಲ್ಲ. ಕದಿರು ತೂಗುತ್ತಿತ್ತು.

"ಮನೆಯಲ್ಲಿ ಕೇಳಿ ತರುತ್ತೀಯಾ?" ಅಂದರು.

"ತರ್ತೆ ಸಿಸ್ಟರ್" ಅಂದೆ.

ಮನೆಗೆ ಬಂದ ಮೇಲೆ ನಾನು ಎಂಥ ಮಾತು ಕೊಟ್ಟೆನೆಂಬುದು ಹೊಳೆಯಿತು. ಗದ್ದೆ, ಬೀಜ, ಹೊಸ್ತು ಇವೆಲ್ಲ ನಮ್ಮ ಮನೆಯಲ್ಲಿ ಅಜ್ಜಿಯ ಕೈಯಲ್ಲಿದ್ದವು. ಅಪ್ಪನ ಅಮ್ಮ ಆಕೆ. ಹೊಸ್ತು ನಮ್ಮಲ್ಲಿ ನವರಾತ್ರಿಯ ಹೊತ್ತಿಗೆ. ಅಪ್ಪ ಬೊಂಬಾಯಿಯಿಂದ ವರ್ಷಕ್ಕೊಮ್ಮೆ ಬರುತ್ತಿದ್ದದ್ದೇ ಅದಕ್ಕೆ. ಅಪ್ಪನೇ ತಲೆಗೆ ಮುಂಡಾಸು ಸುತ್ತಿ ಗದ್ದೆಗೆ ಹೋಗಿ, ಹಾಲೆರೆದು, ಮೊದಲ ಕದಿರು ಕೊಯ್ದು ತಲೆಯ ಮೇಲಿಟ್ಟು ತರಬೇಕು. ಅಲ್ಲಿಯವರೆಗೆ ಗದ್ದೆಗೆ ಯಾರೂ ಕೈ ಹಾಕುವ ಹಾಗಿಲ್ಲ. ಅಮ್ಮನ ಹತ್ತಿರ ಬಾಯಿ ಬಿಟ್ಟೆ. ಅಮ್ಮ ಒಲೆಯ ಕಡೆ ಮುಖ ಮಾಡಿಯೇ, "ನಂಗೊತ್ತಿಲ್ಲೆ, ಅಜ್ಜಿಯತ್ರ ಕೇಣ್" ಅಂದಳು. ಮೂರು ಸಂಜೆ ಅಜ್ಜಿಯ ಪಕ್ಕದಲ್ಲಿ ಕೂತು ಎದ್ದೆ. ಕೇಳಲಾಗಲಿಲ್ಲ. ಹಬ್ಬದ ದಿನ ಬೆಳಿಗ್ಗೆ, ಹೂ ಕೊಯ್ಯುತ್ತೇನೆಂದು ಹೇಳಿ ಗದ್ದೆಗೆ ಇಳಿದೆ. ಕತ್ತಿ ಒಯ್ದಿರಲಿಲ್ಲ. ಕೈಯಲ್ಲೇ ಕಿತ್ತೆ. ಒಂದು ದೊಡ್ಡ ಹಿಡಿ, ಮತ್ತೊಂದು ಹಿಡಿ, ಸಾಲದೆಂದು ಇನ್ನೂ ಒಂದಷ್ಟು. ಬಾಳೆಲೆಯಲ್ಲಿ ಸುತ್ತಿ, ಮೇಲೆ ದಾಸವಾಳ ಹರಡಿ ಬುಟ್ಟಿಗೆ ಹಾಕಿದೆ.

ದೋಣಿಯಲ್ಲಿ ಗಾಳಿಗೆ ಬಾಳೆಲೆ ಹಾರಿತು. ದೋಣಿಯ ಮುದುಕ ಬುಟ್ಟಿ ನೋಡಿ, "ಹ್ವಾಯ್, ನಿಮ್ಮನಿಯಂಗ್ ಹೊಸ್ತ್ ಆಯ್ತಾ ಇಷ್ಟ್ ಬೇಗ? ಅಪ್ಪಯ್ಯ ಬಂದ್ರಾ?" ಅಂದ.

"ಇಲ್ಲೆ" ಅಂದೆ. ಯಾವ ಪ್ರಶ್ನೆಗೆ ಇಲ್ಲವೆಂದೆ ಎಂದು ಅವನೂ ಕೇಳಲಿಲ್ಲ.

ಇಗರ್ಜಿಯ ಮುಂದೆ ನನ್ನ ಕದಿರನ್ನು ಹರಿವಾಣದಲ್ಲಿಟ್ಟು, ಪಾದ್ರಿಗಳು ಏನೋ ಓದಿ, ನೀರು ಚಿಮುಕಿಸಿದರು. ಬ್ಯಾಂಡು ಬಾರಿಸಿತು. ಸಾಲಿನಲ್ಲಿ ಬಂದವರ ಕೈಗೆಲ್ಲ ಒಂದೊಂದು, ಎರಡೆರಡು ಕದಿರು ಕೊಟ್ಟರು. ಸಿಸ್ಟರು ಕೈಬೀಸಿ ಕರೆದು ನನ್ನ ಕೈಗೂ ಒಂದು ಕೊಟ್ಟರು. "ಮನೆಗೆ ತೆಗೆದುಕೊಂಡು ಹೋಗು. ಎಲ್ಲರೂ ಒಟ್ಟಿಗೆ ಕೂತು ಊಟ ಮಾಡಬೇಕು, ಒಬ್ಬರನ್ನೂ ಬಿಡಬಾರದು" ಎಂದು, ಅಪರೂಪಕ್ಕೆ ನಕ್ಕರು. ನಾನೇ ಕಿತ್ತ ನಮ್ಮದೇ ಗದ್ದೆಯ ಕದಿರು ಈಗ ಯಾರದ್ದು ಎಂದು ತಿಳಿಯದೆ ಅದನ್ನು ಭೂಗೋಳ ಪುಸ್ತಕದೊಳಗಿಟ್ಟೆ.

ಸಂಜೆ ಮನೆ ತಲುಪುವಾಗ ದೋಣಿಯ ಮುದುಕ ಮಧ್ಯಾಹ್ನವೇ ಅಲ್ಲಿಗೆ ಎಲೆ ಅಡಿಕೆಗೆ ಬಂದು, ಬುಟ್ಟಿಯ ವಿಷಯ ಹೇಳಿ ಹೋಗಿದ್ದ. ಅಜ್ಜಿ ಜಗಲಿಯ ಮೇಲೆ ಕೂತಿದ್ದಳು.

"ಕತ್ತಿಯಂಗ್ ಕೊಯ್ದ್ಯಾ, ಕೈಯಂಗ್ ಕಿತ್ತ್ಯಾ?" ಅಂದಳು.

ಬೈಗುಳಕ್ಕೆ ತಯಾರಾಗಿದ್ದ ನನಗೆ ಆ ಪ್ರಶ್ನೆ ಅರ್ಥವಾಗಲಿಲ್ಲ; ಹೊಸ್ತಿಗೆ ಮೊದಲು ಗದ್ದೆಗೆ ಕತ್ತಿ ತಾಗಬಾರದೆಂಬುದು ತಿಳಿದದ್ದು ಆಮೇಲೆ. "ಕೈಯಂಗೆ" ಅಂದೆ.

"ಎಷ್ಟ್?"

"ಮೂರ್ ಹಿಡಿ."

"ಉಳ್ದದ್ ಎಲ್ಲಿತ್?"

ಪುಸ್ತಕ ತೆಗೆದು ಕದಿರನ್ನು ತೋರಿಸಿದೆ. ಅಜ್ಜಿ ಅದನ್ನು ಮುಟ್ಟಲಿಲ್ಲ. ಒಳಗೆ ತರಬೇಡವೆಂದೂ ಅನ್ನಲಿಲ್ಲ, ತಾ ಎಂದೂ ಅನ್ನಲಿಲ್ಲ. ನಾನು ಅಂಗಳದಲ್ಲಿ, ಕೈಯಲ್ಲಿ ಕದಿರು ಹಿಡಿದು, ಕತ್ತಲಾಗುವವರೆಗೆ ನಿಂತಿದ್ದೆ. ಕೊನೆಗೆ ಅಮ್ಮ ಬಂದು ಅದನ್ನು ತುಳಸಿಕಟ್ಟೆಯ ಮೇಲಿಡಿಸಿ ನನ್ನನ್ನು ಊಟಕ್ಕೆ ಕರೆದುಕೊಂಡು ಹೋದಳು.

ಮರುದಿನ ಅಜ್ಜಿ ಹಬ್ಬದ ಸೀರೆ ಉಟ್ಟು ನನ್ನ ಜೊತೆ ದೋಣಿ ಹತ್ತಿದಳು. ಹೊಳೆ ದಾಟಿ ಅವಳು ಈಚೆ ಬರುವುದು ವರ್ಷಕ್ಕೊಂದು ಸಲ ಇದ್ದೀತು. ನನ್ನನ್ನು ಶಾಲೆ ಬಿಡಿಸುತ್ತಾಳೆಂದೇ ನಾನು ತಿಳಿದೆ.

ಸಿಸ್ಟರು ತಮ್ಮ ಕೋಣೆಯಲ್ಲಿ ಎದ್ದು ನಿಂತು ಕುರ್ಚಿ ತೋರಿಸಿದರು. ಅಜ್ಜಿ ಕುರ್ಚಿಯ ತುದಿಯಲ್ಲಿ ಕೂತಳು.

"ನಿನ್ನೆ ನಮ್ಮನಿ ಹೆಣ್ ಕದ್ರ್ ತಂದಿತ್ತಲೆ" ಅಂದಳು.

"ಹೌದು. ನಿಮಗೆ ಬಹಳ ಉಪಕಾರವಾಯಿತು."

"ನಾ ಕೊಟ್ಟದ್ದಲ್ಲ. ನಂಗ್ ಹೇಳ್ದೆ ಕಿತ್ಕಂಡ್ ಬಂದದ್."

ಸಿಸ್ಟರ ಮುಖ ಕೆಂಪಾಯಿತು. ನನ್ನನ್ನು ನೋಡಿದರು. ನಾನು ನೆಲ ನೋಡಿದೆ. "ಮನೆಯಲ್ಲಿ ಕೇಳಿ ತರಲು ಹೇಳಿದ್ದೆ. ದಯವಿಟ್ಟು ಕ್ಷಮಿಸಬೇಕು. ಮೂರು ಹಿಡಿ ಬತ್ತವನ್ನು ನಾವು..."

"ವಾಪಾಸ್ ಕೇಂಬುಕೆ ಬಂದದ್ದಲ್ಲ ಸಿಸ್ಟ್ರಮ್ಮ" ಅಜ್ಜಿ ಕೈ ಅಡ್ಡ ಮಾಡಿದಳು. "ನಂಗ್ ಒಂದ್ ಗೊತ್ತಾಯ್ಕಿತ್ತ್. ದೇವ್ರ್ ಮುಂದೆ ಇಟ್ಟಿದ್ರ್ಯಾ?"

"ಇಟ್ಟಿದ್ದೆವು."

"ಎಲ್ರೂ ಉಂಡ್ರಾ?"

"ಉಂಡರು. ನೂರು ಮನೆಯವರಾದರೂ."

"ಹಾಂಗಾರೆ ನಮ್ ಗದ್ದಿ ಬೆಳಿಗೆ ಹೊಸ್ತ್ ಆಯ್ತ್. ನಾವ್ ಮಾತ್ರ ಉಣ್ಲಿಲ್ಲ."

ಅಜ್ಜಿ ಮುಂದುವರಿಸಿದಳು. ಊರೆಲ್ಲ ಉಂಡ ಮೇಲೆ ಗದ್ದೆಯ ಮನೆಯವರು ಉಣ್ಣದೆ ಕೂತಿರುವುದು ಸರಿಯಲ್ಲ. ಬರುವ ಗುರುವಾರ ದಿನ ಒಳ್ಳೆಯದಿದೆ, ಹೊಸ್ತು ಮಾಡುತ್ತೇವೆ. ನಮ್ಮ ಕದಿರು ಮೊದಲು ಉಂಡವರು ನೀವು, ಹಾಗಾಗಿ ನೀವೂ ಬರಬೇಕು.

"ನಮ್ಮ ಸನ್ಯಾಸಿನಿಯರ ಸಭೆಯ ನಿಯಮದಲ್ಲಿ ಹೊರಗೆ ಊಟ ಮಾಡುವ ಹಾಗಿಲ್ಲ, ಅಜ್ಜಿ" ಅಂದರು ಸಿಸ್ಟರು.

ಅಜ್ಜಿಯ ಬೆನ್ನು ನೆಟ್ಟಗಾಯಿತು. "ನಮ್ಮನಿಯಂಗ್ ಉಂಬುಕಾಗ್ದ್ಯಾ? ಎಂತ ಜಾತಿ ನಿಮ್ದ್?"

ನನಗೆ ಅಲ್ಲೇ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಸಿಸ್ಟರು ಮಾತ್ರ ಕೋಪ ಮಾಡಿಕೊಳ್ಳಲಿಲ್ಲ. "ಜಾತಿಯ ಪ್ರಶ್ನೆ ಅಲ್ಲ. ನಮ್ಮ ತಾಯಿಯ ಮನೆಯಲ್ಲೂ ನಾನು ಊಟ ಮಾಡುವಂತಿಲ್ಲ."

"ಅಬ್ಬಿ ಮನಿಯಂಗೂ?"

"ಅಲ್ಲಿಯೂ. ಹನ್ನೊಂದು ವರ್ಷ ಆಯಿತು."

ಅಜ್ಜಿ ಕುರ್ಚಿಯಲ್ಲಿ ಸ್ವಲ್ಪ ಮುಂದೆ ಬಾಗಿ, ನಮ್ಮ ಮನೆಯ ಹೆಂಗಸರ ಹತ್ತಿರ ಮಾತಾಡುವ ಸ್ವರದಲ್ಲಿ ಕೇಳಿದಳು, "ನಿನ್ನೆ ಹೊಸ್ತ್ ಉಂಬತ್ತಿಗೆ ಯಾರ್ ಬಡ್ಸ್ರ್ ನಿಮ್ಗೆ?"

"ನಾವು ಇಲ್ಲಿ ಐದು ಜನ ಸಿಸ್ಟರುಗಳಿದ್ದೇವೆ. ಒಬ್ಬರಿಗೊಬ್ಬರು ಬಡಿಸಿಕೊಂಡೆವು" ಅಂದರು ಸಿಸ್ಟರು.

ಆ ಗುರುವಾರ ನಮ್ಮಲ್ಲಿ ಹೊಸ್ತು ಆಯಿತು. ಮುಂಡಾಸು ಸುತ್ತಲು ಅಪ್ಪ ಇರಲಿಲ್ಲ. ಅಜ್ಜಿ ತಾನೇ ಸೀರೆಯ ಸೆರಗನ್ನು ತಲೆಗೆ ಸುತ್ತಿ ಗದ್ದೆಗೆ ಹೋದಳು. ಹಾಗೆ ಹೆಂಗಸರು ಮಾಡಿದ್ದನ್ನು ನಾನು ಮೊದಲೂ ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ. ತಂದ ಕದಿರಿನ ಜೊತೆ ತುಳಸಿಕಟ್ಟೆಯ ಮೇಲೆ ಬಾಡಿದ್ದ ಆ ಒಂದು ಕದಿರನ್ನೂ ಎತ್ತಿಕೊಂಡಳು, ಎರಡನ್ನೂ ಸುಲಿದು ಒಂದೇ ಪಾಯಸಕ್ಕೆ ಹಾಕಿದಳು. ಉಣ್ಣುವಾಗ ನಾನು ಅಮ್ಮನ ಮುಖ ನೋಡಿದೆ. ಅಮ್ಮ ಅಪ್ಪನ ಮಣೆಯ ಕಡೆ ನೋಡುತ್ತಿದ್ದಳು.

ಅಪ್ಪನಿಗೆ ತಡವಾಗಿ ಕಾಗದ ಹಾಕಿದ್ದೆವು. ಅದು ತಲುಪಲಿಲ್ಲವೋ, ತಲುಪುವಷ್ಟರಲ್ಲಿ ಅವರು ಹೊರಟಿದ್ದರೋ, ನವರಾತ್ರಿಗೆ ಅಪ್ಪ ಎಂದಿನಂತೆ ಟ್ರಂಕು ಹಿಡಿದು ಬಂದಿಳಿದರು. ಮರುದಿನ ಬೆಳಿಗ್ಗೆ ಮಿಂದು ಬಂದು ಮುಂಡಾಸಿನ ಬಟ್ಟೆ ಕೇಳಿದರು. ಅಜ್ಜಿಯೇ ಎಲ್ಲವನ್ನೂ ಹೇಳಿದಳು, ನನ್ನ ಕಡೆ ಒಂದು ಸಲವೂ ಕೈ ತೋರಿಸದೆ. ಅಪ್ಪ ಬಟ್ಟೆಯನ್ನು ಕೈಯಲ್ಲಿ ಹಿಡಿದೇ ಕೇಳಿದರು. ಆಮೇಲೆ ಅದನ್ನು ನಾಲ್ಕು ಮಡಿಕೆ ಮಾಡಿ ಹಗ್ಗದ ಮೇಲೆ ಹಾಕಿ, ಜಗಲಿಗೆ ಬಂದು ನನ್ನ ಹತ್ತಿರ ಕೂತರು.

"ಇಂಗ್ಲಿಷ್ ಪಾಠ ಹ್ಯಾಂಗಾತಿತ್?" ಅಂದರು.

"ಅಡ್ಡಿಲ್ಲೆ" ಅಂದೆ.

ಅಷ್ಟೇ. ಅವರಿಗೆ ಸಿಟ್ಟಿತ್ತೇ, ಬೇಸರವಿತ್ತೇ, ಅಥವಾ ಮನಸ್ಸಿನಲ್ಲೇ ನಗು ಬಂದಿತ್ತೇ? ಆ ಹತ್ತು ದಿನ ಅವರ ಮುಖವನ್ನೇ ಕದ್ದು ಕದ್ದು ನೋಡಿದರೂ ನನಗೆ ತಿಳಿಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತೇನೋ. ಅಜ್ಜಿ ಆ ರಾತ್ರಿ ಅವರಿಗೊಬ್ಬರಿಗೇ ಪಾಯಸ ಮಾಡಿ ಬಡಿಸಿದಳು. ಅಪ್ಪ ಎರಡು ಸಲ ಹಾಕಿಸಿಕೊಂಡರು.

ಮುಂದಿನ ವರ್ಷ ಶಾಲೆಯಿಂದ ಅಜ್ಜಿಯ ಹೆಸರಿಗೇ ಚೀಟಿ ಬಂತು, ಕದಿರು ಬೇಕೆಂದು. ಅಜ್ಜಿ ಕೊಟ್ಟಳು. ಆದರೆ ಈ ಸಲ ನಮ್ಮ ಹೊಸ್ತು ಅವರ ಹಬ್ಬಕ್ಕೆ ಒಂದು ದಿನ ಮೊದಲು. ಅಪ್ಪ ಹೋಟೆಲ್ ಯಜಮಾನರ ಹತ್ತಿರ ಜಗಳವಾಡಿ ಆ ಹೊತ್ತಿಗೇ ರಜೆ ಮಾಡಿಕೊಂಡು ಬಂದರು. ನಾನು ಎಸ್ಸೆಸ್ಸೆಲ್ಸಿ ಮುಗಿಸುವವರೆಗೂ ಹಾಗೇ ನಡೆಯಿತು. ಸಿಸ್ಟರಿಗೆ ನಡುವೆ ಒಂದು ಜೂನಿನಲ್ಲಿ ವರ್ಗವಾಯಿತು. ಹೇಳದೆ ಕೇಳದೆ ಹೋಗುವುದೂ ಅವರ ನಿಯಮವಂತೆ. ಶಾಲೆ ತೆರೆದಾಗ ಅವರ ಕುರ್ಚಿಯಲ್ಲಿ ಬೇರೊಬ್ಬರಿದ್ದರು. ಅಜ್ಜಿಗೆ ತಿಳಿಸಿದೆ. "ಎಲ್ಲಿಗ್ ಅಂಬ್ರ್?" ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ.

ಊರಿನ ಉಳಿದ ಮನೆಗಳೆಲ್ಲ ನವರಾತ್ರಿಗೆ ಹೊಸ್ತು ಮಾಡಿದರೆ ನಮ್ಮದೊಂದು ಮನೆ ಮಾತ್ರ ತಿಂಗಳು ಮೊದಲೇ ಮಾಡುತ್ತದೆ, ಇವತ್ತಿಗೂ. ಯಾಕೆಂದು ಕೇಳಿದವರಿಗೆ ನನ್ನ ತಮ್ಮನ ಮಗ, ಅದು ನಮ್ಮ ಮನೆತನದ ಕ್ರಮ, ಮುತ್ತಜ್ಜಂದಿರ ಕಾಲದಿಂದ ಬಂದದ್ದು, ತಪ್ಪಿಸಿದರೆ ಆಗುವುದಿಲ್ಲ ಎಂದು ಗಂಭೀರವಾಗಿ ವಿವರಿಸುತ್ತಾನೆ. ಹೋದ ಸಲ ನಾನು ಪಕ್ಕದಲ್ಲೇ ಕೂತಿದ್ದೆ. ನಿಜ ಹೇಳಿಬಿಡಲೇ ಅನ್ನಿಸಿತು. ಹೇಳಿದರೆ ಅವನು ನಂಬುತ್ತಾನೋ ಇಲ್ಲವೋ, ನಂಬಿದರೆ ಮುಂದಿನ ವರ್ಷ ಯಾವ ತಿಂಗಳಲ್ಲಿ ಉಣ್ಣುತ್ತಾನೋ. ಪಾಯಸ ಇನ್ನೊಂದು ಸೌಟು ಹಾಕು ಅಂದೆ.